ಎಣ್ಣೆ ಹಚ್ಚಿದ ಕಂಬ

ಆ ಊರಿನಲ್ಲಿ ಬದುಕಿದ್ದೆಲ್ಲ ಸದ್ದು ಮಾಡುತ್ತಿತ್ತು. ಜೋರಾದ ಸದ್ದೇನಲ್ಲ. ಒಣಗಿದ ತೊಗರಿಕಾಯಿ ಬಿಸಿಲಿಗೆ ಬಿರಿಯುವಾಗ ಚಿಟ್ ಅನ್ನುತ್ತದಲ್ಲ, ಅದರ ನೂರರಲ್ಲೊಂದು ಪಾಲು. ಬೇವಿನ ಎಲೆಯಲ್ಲಿ ಚಿಟ್, ಎಮ್ಮೆಯ ಕೊಂಬಿನಲ್ಲಿ ಚಿಟ್, ಬಾಣಂತಿಯ ಕೂದಲಿನಲ್ಲಿ ಚಿಟ್. ಆ ಸದ್ದಿನ ಬೀಜ ಗಾಳಿಯಲ್ಲಿತ್ತು. ಗಾಳಿಯಿಂದ ಎಲೆಗೆ, ಎಲೆಯಿಂದ ಹಸುವಿಗೆ, ಹಸುವಿನ ಹಾಲು ಕುಡಿದ ಮಗುವಿಗೆ ಅದು ದಾಟುತ್ತಿತ್ತು. ಉಸಿರಾಡುವ ತನಕ, ಉಣ್ಣುವ ತನಕ, ಸಿಡಿದು ಹೋದಷ್ಟು ಮತ್ತೆ ತುಂಬಿಕೊಳ್ಳುತ್ತಿತ್ತು. ಉಸಿರು ನಿಂತ ದಿನ ತುಂಬುವುದು ನಿಲ್ಲುತ್ತಿತ್ತು. ಸಿಡಿಯುವುದು ಮಾತ್ರ ನಿಲ್ಲುತ್ತಿರಲಿಲ್ಲ.

ಈ ಸದ್ದನ್ನು ಕೇಳಲೆಂದೇ ಊರಿನ ಬಂಡೆಯ ಹೊಟ್ಟೆಯಲ್ಲಿ ಒಂದು ಕೋಣೆ ಕೊರೆದಿದ್ದರು. ಕೋಣೆಯ ನಡುವೆ ಏಳು ತಲೆಮಾರಿನಿಂದ ಬಂದ ಒಂದು ದಪ್ಪ ಮಡಕೆ. ಸತ್ತ ವಸ್ತುವಿನ ಚೂರನ್ನು ಸುಟ್ಟು ಇದ್ದಿಲು ಮಾಡಿ, ಹಿಡಿ ಇದ್ದಿಲನ್ನು ಮಡಕೆಗೆ ಹಾಕಿ, ಅದರ ಬಾಯಿಗೆ ಕಿವಿ ಕೊಟ್ಟು ಕೂರಬೇಕು. ಪಕ್ಕದ ತೊಟ್ಟಿಯಲ್ಲಿ ಒಂದು ತೂತಿನ ಬಟ್ಟಲು ತೇಲುತ್ತಿರುತ್ತದೆ. ಅದು ನೀರು ತುಂಬಿ ಮುಳುಗುವಷ್ಟರಲ್ಲಿ ಎಷ್ಟು ಸಲ ಚಿಟ್ ಅಂದಿತು ಎಂದು ಎಣಿಸಬೇಕು. ನಿನ್ನೆ ಕಡಿದ ಕೊಂಬೆಯಾದರೆ ಅರವತ್ತನಾಲ್ಕು. ಅರಸನ ಮೂಳೆಯಾದರೂ ಅಷ್ಟೇ, ಜಿರಲೆಯ ರೆಕ್ಕೆಯಾದರೂ ಅಷ್ಟೇ. ಹೀಗೆ ಎಣಿಸುವವಳನ್ನು ಊರು ಕೇಳುವವಳು ಎಂದು ಕರೆಯುತ್ತಿತ್ತು. ಅವಳಿಗೆ ಮೊದಲು ಬೇರೊಂದು ಹೆಸರಿತ್ತು. ಅದನ್ನು ಅವಳೇ ಮರೆತಿದ್ದಳು.

ಅವಳಿಗೆ ವಿದ್ಯೆ ಕಲಿಸಿದವನು ಹಿಂದಿನ ಕೇಳುವವನು. ಹೆಜ್ಜೆ ಎತ್ತಿಡಲೂ ಯೋಚಿಸುವಂಥ ನಿಧಾನದ ಮುದುಕ. ಮೊದಲ ದಿನವೇ ಅವಳನ್ನು ಬಾಣಲೆಯ ಮುಂದೆ ಕೂರಿಸಿ, ಅರಳು ಹುರಿಯಲು ಜೋಳ ಹಾಕಿ, ಮುಂದೆ ಸಿಡಿಯುವ ಕಾಳು ಯಾವುದು ತೋರಿಸು ಎಂದಿದ್ದ. ಅವಳು ಒಂದನ್ನು ತೋರಿಸಿದರೆ ಇನ್ನೊಂದು ಸಿಡಿಯಿತು. ಬೆಳಗಿನಿಂದ ಸಂಜೆಯವರೆಗೆ ತೋರಿಸಿ ತೋರಿಸಿ ಸೋತಳು. ಆಮೇಲೆ ಮುದುಕ, ನಾನು ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಎಷ್ಟು ಕಾಳು ಸಿಡಿದಿರುತ್ತವೆ ಎಂದು ಕೇಳಿದ. ಇಡೀ ದಿನ ನೋಡಿದ್ದವಳಿಗೆ ಅದು ಕಷ್ಟವಾಗಲಿಲ್ಲ. ಅರ್ಧ ಎಂದಳು. ಅರ್ಧವೇ ಸಿಡಿದಿದ್ದವು.

"ಯಾವುದು ಹೋಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಎಷ್ಟು ಹೋಗುತ್ತೆ ಅಂತ ಗೊತ್ತು. ನಮ್ಮ ವಿದ್ಯೆ ಇಷ್ಟೇ ಕಣಮ್ಮ," ಎಂದ ಮುದುಕ.

ಸತ್ತ ವಸ್ತುವಿನದೂ ಅದೇ ಕಥೆ. ಸತ್ತು ಮೂವತ್ತು ತಲೆಮಾರು ಕಳೆದರೆ ಅರವತ್ತನಾಲ್ಕು ಸದ್ದು ಮೂವತ್ತೆರಡಾಗುತ್ತದೆ. ಇನ್ನು ಮೂವತ್ತು ತಲೆಮಾರಿಗೆ ಎಲ್ಲವೂ ಮುಗಿಯಬೇಕಲ್ಲವೇ? ಮುಗಿಯುವುದಿಲ್ಲ. ಉಳಿದದ್ದರಲ್ಲಿ ಅರ್ಧ ಹೋಗಿ ಹದಿನಾರು ಉಳಿಯುತ್ತದೆ. ಆಮೇಲೆ ಎಂಟು, ನಾಲ್ಕು, ಎರಡು, ಒಂದು. ಹಾಗಾದರೆ ಪೂರ್ತಿ ಖಾಲಿಯಾಗುವುದು ಯಾವಾಗ ಎಂದು ಅವಳು ಕೇಳಿದ್ದಳು. ಅದು ತನಗೆ ಗೊತ್ತಿಲ್ಲ, ಅದಕ್ಕಿಂತ ಮೊದಲು ನಮ್ಮ ಕಿವಿ ಸೋಲುತ್ತದೆ ಎಂದು ಮುದುಕ ಹೇಳಿದ್ದ. ಇನ್ನೊಂದು ಮಾತನ್ನೂ ಹೇಳಿದ್ದ. ಹಳೆಯದರ ಮೇಲೆ ಹೊಸದು ಕೂತಿದ್ದರೆ ಹೊಸದರ ಸದ್ದೂ ಲೆಕ್ಕಕ್ಕೆ ಬರುತ್ತದೆ, ಹಳೆಯದು ಎಳೆಯದಾಗಿ ಕೇಳುತ್ತದೆ. ಆದ್ದರಿಂದ ಹೆರೆಯಬೇಕು. ಮೇಲಿನದು ಹೋಗುವ ತನಕ, ಮೇಲಿನದರ ವಾಸನೆಯೂ ಹೋಗುವ ತನಕ ಹೆರೆಯಬೇಕು. ಹೀಗೆ ಹೆರೆಯುತ್ತಾ ಮುದುಕ ಒಂದೊಂದು ಚೂರಿಗೂ ಒಂಬತ್ತು ದಿನ ತೆಗೆದುಕೊಳ್ಳುತ್ತಿದ್ದ. ಅವನು ಹೇಳುವಷ್ಟರಲ್ಲಿ ಕೇಳಿದವರೇ ಸತ್ತಿರುತ್ತಾರೆ ಎಂದು ಊರು ನಗುತ್ತಿತ್ತು. ಆ ನಗೆ ಅವಳ ಮನಸ್ಸಿಗೆ ಚುಚ್ಚುತ್ತಿತ್ತು. ನಾನು ಹಾಗಾಗಬಾರದು ಎಂದುಕೊಂಡಿದ್ದಳು.

ಮುದುಕ ಸತ್ತ ಮರುವರ್ಷ ಊರಿನ ಒರತೆ ಸೊರಗಿತು. ಆ ಊರಿಗೆ ಒಂದೇ ಒರತೆ, ಅದರ ಸುತ್ತ ಎರಡು ಕುಲ. ನೀರು ಇಬ್ಬರಿಗೂ ಸಾಲದೆ ಹೋದರೆ ಆಮೇಲೆ ಬಂದವರು ಮರಳು ದಾಟಿ ಆಚೆ ದಡಕ್ಕೆ ಹೋಗಬೇಕು. ಅದು ಊರಿನ ಕಟ್ಟಳೆ. ಆದರೆ ಆಮೇಲೆ ಬಂದವರು ಯಾರು? ಪ್ರತಿ ಕುಲವೂ ಊರಿಗೆ ಕಾಲಿಟ್ಟ ದಿನ ಒಂದು ಮರ ಕಡಿದು ಮೊದಲ ಕಂಬ ನೆಟ್ಟಿರುತ್ತದೆ. ಮರ ಸತ್ತ ದಿನವೇ ಕುಲ ಬಂದ ದಿನ. ಎರಡೂ ಕಂಬ ಕೇಳುವವಳ ಬಂಡೆಗೆ ಬಂದವು.

ಒಂದು ಕುಲದ ಕಂಬ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಕೇಳುವವಳ ಮುಂದೆ ತರುವಾಗ ಊರ ಯಜಮಾನ ನಾಚಿ ಎರಡು ಬಿಂದಿಗೆ ನೀರು ಸುರಿದು ತೊಳೆಸಿದ್ದ, ಅದು ಅವನ ಕುಲದ್ದು. ಇನ್ನೊಂದು ಕುಲದ ಕಂಬವನ್ನು ಒಬ್ಬ ಹೆಂಗಸು ಕಂಕುಳಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಬಂದಳು. ಆ ಕುಲದಲ್ಲಿ ತಲೆತಲಾಂತರದಿಂದ ಒಬ್ಬ ಹೆಣ್ಣುಮಗಳು ದಿನಾ ಬೆಳಗ್ಗೆ ಕಂಬಕ್ಕೆ ಹರಳೆಣ್ಣೆ ಹಚ್ಚಬೇಕು. ಆ ವರ್ಷದ ಹರಳು, ಆ ವಾರ ತೆಗೆದ ಎಣ್ಣೆ. ಆಗ ಅವಳ ಸರದಿ. ಊರು ಅವಳನ್ನು ಎಣ್ಣೆಯವಳು ಎನ್ನುತ್ತಿತ್ತು. ಕಂಬ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಆಳಕ್ಕೆ ಕೊಯ್ಯಬೇಡಿ ತಾಯಿ, ಅದು ನಮ್ಮವ್ವ," ಎಂದಳು ಎಣ್ಣೆಯವಳು.

ಕೇಳುವವಳು ಆಗಲಿ ಎಂದಳು. ಆ ಕ್ಷಣಕ್ಕೆ ಅದು ಕನಿಕರ ಅನ್ನಿಸಿತ್ತು. ಹೊರಗೆ ಇಡೀ ಊರು ಕಾದು ನಿಂತಿತ್ತು, ಯಾರೋ ಇವಳೂ ಒಂಬತ್ತು ದಿನ ಮಾಡುತ್ತಾಳೋ ಏನೋ ಎಂದು ನಕ್ಕಿದ್ದೂ ಕೇಳಿಸಿತ್ತು. ಅವಳು ಹೊಳೆಯುವ ಕಂಬದ ಮೇಲ್ಮೈಯನ್ನಷ್ಟೇ ಹೆರೆದಳು. ಹೆರೆದ ಚಕ್ಕೆ ಬೆರಳಿಗೆ ಅಂಟಿತು. ಬೆರಳನ್ನು ಮೂಗಿನ ಹತ್ತಿರ ತಂದಳು. ಹರಳೆಣ್ಣೆಯ ವಾಸನೆ ಬಂತು. ಬಾಗಿಲ ಕಡೆ ನೋಡಿದಳು. ಆಮೇಲೆ ಚಕ್ಕೆಯನ್ನು ಹಾಗೆಯೇ ಸುಟ್ಟಳು.

ಕೋಳಿ ಕೂತ ಕಂಬ ಮೂವತ್ತೆರಡು ಸಲ ಚಿಟ್ ಅಂದಿತು. ಎಣ್ಣೆ ಹಚ್ಚಿದ ಕಂಬ ನಲವತ್ತೈದು ಸಲ ಅಂದಿತು. ಸಂಜೆಯೊಳಗೆ ಅವಳು ಹೊರಗೆ ಬಂದು, ಎಣ್ಣೆಯ ಕುಲದವರು ಹದಿನೈದು ತಲೆಮಾರು ತಡವಾಗಿ ಬಂದವರು ಎಂದು ಹೇಳಿದಳು. ಎಷ್ಟು ಬೇಗ, ಎಷ್ಟು ಸ್ಪಷ್ಟ ಎಂದು ಊರು ಹೊಗಳಿತು. ಎಣ್ಣೆಯವಳು ಕಂಬ ಎತ್ತಿಕೊಂಡಳು. ಮೂರು ದಿನದಲ್ಲಿ ಆ ಕುಲದ ಇನ್ನೂರು ಜನ ತಮ್ಮ ಮಡಕೆ, ಕುಡಿಕೆ, ಆಡು, ಕೂಸು ಹೊತ್ತುಕೊಂಡು ಮರಳು ದಾಟಿದರು.

ಅಂದಿನಿಂದ ಇಪ್ಪತ್ತೆಂಟು ಬೇಸಿಗೆ ಕಳೆದವು. ಕೇಳುವವಳು ದಿನಕ್ಕೆ ಹಲವು ಸಲ ಕೈ ತೊಳೆಯುತ್ತಿದ್ದಳು. ಸೀಗೆಯಿಂದ ತೊಳೆದಳು, ಬೂದಿಯಿಂದ ತಿಕ್ಕಿದಳು. ಊರಿನವರು ಎಂಥ ಮಡಿ ಎಂದು ಮೆಚ್ಚಿಕೊಂಡರು. ಅವಳ ಮನೆಯಲ್ಲಿ ಹರಳೆಣ್ಣೆ ತರುತ್ತಿರಲಿಲ್ಲ. ಯಾರದೋ ಮಗುವಿನ ನೆತ್ತಿಯಿಂದ ಆ ವಾಸನೆ ಬಂದರೆ ಮುಖ ತಿರುಗಿಸಿ ಹೋಗುತ್ತಿದ್ದಳು. ತಪ್ಪು ಗೊತ್ತಾಗದೆ ಆದದ್ದು ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ವಾಸನೆ ಬಂದಿತ್ತು. ಅದೇ ಅವಳನ್ನು ತಿನ್ನುತ್ತಿತ್ತು. ತಾನು ಆಗ ತೋರಿಸಿದ್ದು ಕನಿಕರವಲ್ಲ, ಅವಸರಕ್ಕೆ ಕನಿಕರದ ಸೀರೆ ಉಡಿಸಿದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಚಿಕೆಯೆಂದರೆ ಅದು. ಉಣ್ಣುವಾಗ ಗಂಟಲಲ್ಲಿ, ಹೊಗಳಿಸಿಕೊಳ್ಳುವಾಗ ಬೆನ್ನಲ್ಲಿ, ಕೂತಲ್ಲಿ ನಿಂತಲ್ಲಿ ಚಿಟ್, ಚಿಟ್ ಎನ್ನುತ್ತಿತ್ತು.

ಎಲ್ಲದರ ಹಾಗೆ ಇದೂ ಅರ್ಧವಾಗುತ್ತದೆ ಎಂದು ಅವಳು ಕಾದಳು. ಹತ್ತು ಬೇಸಿಗೆಗೆ ತುಸು ಕಡಿಮೆಯಾಗಬಹುದು, ಇಪ್ಪತ್ತಕ್ಕೆ ಇನ್ನೂ ತುಸು. ಕಣ್ಣು ಮುಚ್ಚಿ ತನ್ನೊಳಗೆ ಕಿವಿ ಕೊಟ್ಟು ಎಣಿಸುತ್ತಿದ್ದಳು. ಮೊದಲ ವರ್ಷ ಎಷ್ಟಿತ್ತೋ ಇಪ್ಪತ್ತೆಂಟನೆಯ ವರ್ಷವೂ ಅಷ್ಟೇ. ಒಂದೇ ಒಂದು ಸದ್ದೂ ಕಡಿಮೆಯಾಗಿರಲಿಲ್ಲ. ನನ್ನ ವಿದ್ಯೆಯೇ ಸುಳ್ಳಿರಬೇಕು ಎಂದು ಅವಳಿಗೆ ಅನ್ನಿಸತೊಡಗಿತು.

ಅಂಥ ಒಂದು ಮಟಮಟ ಮಧ್ಯಾಹ್ನ ಎಣ್ಣೆಯವಳು ಮರಳು ದಾಟಿ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು, ಅಂಗಾಲು ಬೆಂದಿತ್ತು. ಕೇಳುವವಳು ಬಾಗಿಲಿಗೆ ಬಂದಳು. ಕೊನೆಗೂ ನ್ಯಾಯ ಕೇಳಲು ಬಂದಳು ಎಂದುಕೊಂಡಳು. ಆದರೆ ಎಣ್ಣೆಯವಳು ಸೆರಗಿನಿಂದ ಗೇಣುದ್ದದ ಒಂದು ಮರದ ತುಂಡು ತೆಗೆದು ಹೊಸ್ತಿಲ ಮೇಲಿಟ್ಟು ಕೈ ಮುಗಿದಳು. ಆಚೆ ದಡದ ಮರಳು ಸಡಿಲ, ಕಂಬ ವಾಲುತ್ತಿತ್ತಂತೆ. ಕಿತ್ತು ಬೇರೆ ಕಡೆ ನೆಡುವಾಗ ನೆಲದೊಳಗಿದ್ದ ಬುಡ ಮುರಿಯಿತಂತೆ. ಮೊದಲ ಕಂಬದ ಚೂರನ್ನು ಒಲೆಗೆ ಹಾಕಬಾರದು, ಕೇಳುವ ಮನೆಗೆ ಒಪ್ಪಿಸಬೇಕು. ಅದೂ ಊರಿನ ಕಟ್ಟಳೆಯೇ. ಊರಿನಿಂದ ಹೊರಗೆ ಹಾಕಿಸಿಕೊಂಡವಳು ಆ ಊರಿನ ಕಟ್ಟಳೆ ನಡೆಸಲು ಕಾದ ಮರಳಿನಲ್ಲಿ ಅರ್ಧ ದಿನ ನಡೆದು ಬಂದಿದ್ದಳು.

ಕೇಳುವವಳು ನೀರು ಕೊಟ್ಟಳು. ಏನು ಕೇಳಬೇಕೋ ತಿಳಿಯದೆ ಮಕ್ಕಳೆಲ್ಲ ಹೇಗಿದ್ದಾರೆ ಎಂದು ಕೇಳಿದಳು.

"ಇದಾರೆ ತಾಯಿ. ನಾವು ಆಮೇಲೆ ಬಂದೋರು, ಒರತೆ ಮೇಲೆ ಕಣ್ಣು ಹಾಕಬಾರದು ಅಂತ ಹುಟ್ಟಿದ ಕೂಸಿಗೂ ಹೇಳ್ಕೊಟ್ಟಿದೀನಿ. ಮೊದಮೊದಲು ಅಳೋವು. ಈಗ ಅಳಲ್ಲ."

ಇಷ್ಟು ಹೇಳಿ, ನೀರಿನ ಚೊಂಬನ್ನು ಬೋರಲು ಹಾಕಿ, ಅವಳು ಹೊರಟುಹೋದಳು. ಕೇಳುವವಳ ಮೈಯೆಲ್ಲ ನಾಚಿಕೆಯಿಂದ ಉರಿಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆದರೆ ಎಣ್ಣೆಯವಳು ನಂಬಿದ್ದಳು. ಒಂದು ದಿನದ ಅವಸರದ ಮಾತನ್ನು ಇಪ್ಪತ್ತೆಂಟು ವರ್ಷ ನಂಬಿ ಕೂಸುಗಳಿಗೆ ಕಲಿಸಿದ್ದಳು.

ಬುಡದ ತುಂಡು ನೆಲದೊಳಗಿದ್ದದ್ದು, ಎಣ್ಣೆಯ ಕೈ ಅದಕ್ಕೆ ತಾಗಿರಲಿಲ್ಲ. ಆದರೂ ಕೇಳುವವಳು ಹೆರೆದಳು. ಒಂಬತ್ತು ದಿನ ಹೆರೆದಳು. ವಾಸನೆ ನೋಡಿದಳು, ಮತ್ತೆ ಹೆರೆದಳು. ತಿರುಳನ್ನು ಸುಟ್ಟು ಮಡಕೆಗೆ ಹಾಕಿ ಕಿವಿ ಕೊಟ್ಟಳು. ಮೊದಲ ಸಲ ಹದಿನೈದು. ಎರಡನೆಯ ಸಲ ಹದಿನೇಳು. ಯಾವ ಕಾಳು ಯಾವಾಗ ಸಿಡಿಯುತ್ತದೋ ಗೊತ್ತಿಲ್ಲವಾದ್ದರಿಂದ ಒಂದೆರಡು ಆಚೀಚೆ ಆಗುವುದು ಸಹಜ. ಮತ್ತೆ ಹತ್ತು ಸಲ ಕೇಳಿದಳು. ಎಲ್ಲ ಕೂಡಿಸಿ ಸಮನಾಗಿ ಹಂಚಿದರೆ ಸಲಕ್ಕೆ ಹದಿನಾರು. ಎಣ್ಣೆಯ ಕುಲ ಬಂದು ಅರವತ್ತು ತಲೆಮಾರಾಗಿತ್ತು. ಯಜಮಾನನ ಕುಲಕ್ಕಿಂತ ಮೂವತ್ತು ತಲೆಮಾರು ಮೊದಲು ಬಂದವರು ಅವರು. ಕಂಬವನ್ನು ಮರೆತು ಕೋಳಿಗೆ ಬಿಟ್ಟವರು ಹಳಬರಾಗಿದ್ದರು, ದಿನಾ ಮುಟ್ಟಿ ಎಣ್ಣೆ ಹಚ್ಚಿದವರು ಹೊಸಬರಾಗಿದ್ದರು.

ಅವಳು ಮಡಕೆಯನ್ನು ಬರಿದು ಮಾಡಿ ಬದಿಗಿಟ್ಟಳು. ಆ ಹೊತ್ತಿಗೆ ದಿನದ ಹಾಗೆ ಒರತೆಯ ಮೊದಲ ಬಿಂದಿಗೆ ಬಂತು. ಊರಿನ ಮೊದಲ ನೀರು ಕೇಳುವವಳಿಗೆ, ಅದು ಅವಳಿಗೆ ಊರು ಕೊಟ್ಟ ಮರ್ಯಾದೆ. ಇಪ್ಪತ್ತೆಂಟು ಬೇಸಿಗೆ ಅದನ್ನು ಕುಡಿದಿದ್ದಳು. ಬಿಂದಿಗೆಯನ್ನು ನೋಡುತ್ತಾ ನೋಡುತ್ತಾ ಅವಳಿಗೆ ಮುದುಕನ ಹಳೆಯ ಪಾಠ ನೆನಪಾಯಿತು. ಸತ್ತದ್ದು ಮಾತ್ರ ಅರ್ಧವಾಗುತ್ತದೆ. ಬದುಕಿದ್ದು ಅರ್ಧವಾಗುವುದಿಲ್ಲ. ಅದು ಉಣ್ಣುತ್ತದೆ, ಕುಡಿಯುತ್ತದೆ, ಸಿಡಿದಷ್ಟನ್ನು ಮತ್ತೆ ತುಂಬಿಕೊಳ್ಳುತ್ತದೆ. ತನ್ನ ನಾಚಿಕೆಗೆ ತಾನೇ ದಿನಾ ಬೆಳಗ್ಗೆ ನೀರೆರೆಯುತ್ತಿದ್ದಳು. ಕಡಿಯದ ಮರದ ವಯಸ್ಸನ್ನು ಮಡಕೆ ಹೇಳುವುದಿಲ್ಲ. ಲೆಕ್ಕ ಶುರುವಾಗುವುದು ಕಡಿದ ದಿನದಿಂದ.

ಅವಳು ಆ ನೀರನ್ನು ಕುಡಿಯಲಿಲ್ಲ. ಯಜಮಾನನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಯಜಮಾನ ಕೆಟ್ಟವನಲ್ಲ. ಅವಳಿಗೆ ಮಣೆ ಹಾಕಿ ಕೂರಿಸಿದ. ಆಮೇಲೆ ಒಂದೊಂದಾಗಿ ದಾರಿ ತೋರಿಸಿದ. ಆಚೆಯವರು ಈಗ ಒಗ್ಗಿಕೊಂಡಿದ್ದಾರೆ. ಹೋದವರಲ್ಲಿ ಅರ್ಧ ಜನ ಸತ್ತಿದ್ದಾರೆ, ಉಳಿದ ಅರ್ಧಕ್ಕೆ ಒರತೆಯ ನೆನಪು ಮಾಸಿದೆ. ಕೇಳುವವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮಡಕೆ ಒಡೆಯಬೇಕು, ಏಳು ತಲೆಮಾರಿನ ಮಡಕೆ. ಆಮೇಲೆ ಊರು ಕಿವುಡಾಗುತ್ತದೆ. ಇಷ್ಟೆಲ್ಲ ಹೇಳಿ, ಕೊನೆಗೆ ಅವಳ ಮೇಲಿನ ಮರುಕದಿಂದಲೇ ಒಂದು ಮಾತು ಅಂದ.

"ಎಣ್ಣೆ ಹಚ್ಚಿದ್ದು ಅವರು. ತಪ್ಪು ಎಣ್ಣೇದು. ನಿಮ್ಮದೇನಿದೆ ಇದರಲ್ಲಿ?"

"ನನಗೆ ವಾಸನೆ ಬಂದಿತ್ತು ಯಜಮಾನ್ರೇ," ಎಂದಳು ಕೇಳುವವಳು. "ಆವತ್ತೇ ಬಂದಿತ್ತು."

ಮರುದಿನ ಬೆಳಗ್ಗೆ ನೀರಿನ ಸರದಿಗೆ ಊರೆಲ್ಲ ಒರತೆಯ ಬಳಿ ನೆರೆದಾಗ ಅವಳು ಮಡಕೆಯನ್ನು ಹೊತ್ತು ತಂದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೊಳೆಯುವ ಕಂಬ, ಮೇಲೆ ಮೇಲೆ ಹೆರೆದದ್ದು, ಹೊರಗಿನ ನಗೆ, ಬೆರಳಿನ ವಾಸನೆ. ಯಾವುದಕ್ಕೂ ಸೀರೆ ಉಡಿಸಲಿಲ್ಲ. ಹೇಳುವಾಗ ಮುಖ ಎತ್ತಲಾಗಲಿಲ್ಲ. ನಾಚಿಕೆಯಿಂದ ಸಾಯಬೇಕು ಅನ್ನಿಸಿತು. ಸಾಯದೆ ಮಾತು ಮುಗಿಸಿದಳು. ಆಮೇಲೆ ಮಡಕೆಯನ್ನು ಒರತೆಯ ಕಲ್ಲಿನ ಮೇಲೆ ಬಿಟ್ಟಳು. ಅದು ಏಳೆಂಟು ಚೂರಾಯಿತು. ಒಬ್ಬ ಮುದುಕಿ ಅತ್ತಳು. ಹಿಂದಿನ ಸಾಲಿನಿಂದ ಯಾರೋ ಉಗಿದರು. ಹೆಚ್ಚಿನವರು ತಮ್ಮ ಬಿಂದಿಗೆ ನೋಡುತ್ತಾ ನಿಂತರು.

ಒಡೆದ ಮಡಕೆಯ ಜೊತೆ ಅದು ಹೇಳಿದ ಹಳೆಯ ಹೊಸ ಲೆಕ್ಕಗಳೆಲ್ಲ ಬಿದ್ದುಹೋದವು. ಇನ್ನು ಆ ಊರಿನಲ್ಲಿ ಮೊದಲು ಬಂದವರು ಯಾರು, ಆಮೇಲೆ ಬಂದವರು ಯಾರು ಎಂದು ಹೇಳುವವರೇ ಇಲ್ಲವಾದರು. ಹೇಳುವವರಿಲ್ಲದ ಮೇಲೆ ಕಟ್ಟಳೆ ಯಾವುದರ ಮೇಲೆ ನಿಲ್ಲಬೇಕು? ಯಜಮಾನ ಗಂಟಲು ಸರಿಮಾಡಿಕೊಂಡು, ಬರುವವರು ಬರಲಿ, ನೀರನ್ನು ಸರದಿಯ ಮೇಲೆ ಹಂಚಿಕೊಳ್ಳೋಣ ಎಂದ. ಸುದ್ದಿ ಮುಟ್ಟಿಸಲು ಮರಳು ದಾಟುವವರು ಯಾರು ಎಂದು ಕೇಳಿದಾಗ ಮಾತ್ರ ಯಾರೂ ಮುಂದೆ ಬರಲಿಲ್ಲ. ಅದು ತನ್ನ ದಾರಿ ಎಂದು ಅವಳಿಗೆ ಗೊತ್ತಿತ್ತು. ಬರಿಗಾಲಲ್ಲಿ ಹೊರಟಳು.

ಆಚೆ ದಡದಲ್ಲಿ ನೆರಳಿರಲಿಲ್ಲ. ಜನ ಮರಳು ತೋಡಿ ಉಪ್ಪುನೀರು ಮೊಗೆಯುತ್ತಿದ್ದರು. ಗಿಡ್ಡವಾದ ಕಂಬದ ಮುಂದೆ ಎಣ್ಣೆಯವಳು ಕೂತು ಅಂದಿನ ಎಣ್ಣೆ ಹಚ್ಚುತ್ತಿದ್ದಳು. ಆ ಬರಡು ನೆಲದಲ್ಲೂ ಎಲ್ಲೋ ನಾಲ್ಕು ಹರಳಿನ ಗಿಡ ಬೆಳೆಸಿದ್ದಳು. ಕೇಳುವವಳು ಅವಳೆದುರು ನಿಂತು ಎಲ್ಲವನ್ನೂ ಇನ್ನೊಂದು ಸಲ ಹೇಳಿದಳು. ಎರಡನೆಯ ಸಲ ಹೇಳುವುದು ಸುಲಭವೇನೂ ಆಗಲಿಲ್ಲ. ಎಣ್ಣೆಯವಳ ಕೈ ಕಂಬದ ಮೇಲೆಯೇ ನಿಂತಿತು. ಅವಳು ಕೇಳಿದ ಮೊದಲ ಮಾತು ಒರತೆಯದ್ದಲ್ಲ.

"ಹಂಗಾದ್ರೆ ನಾನು ಕೂಸುಗಳಿಗೆ ಹೇಳ್ಕೊಟ್ಟಿದ್ದು ಸುಳ್ಳಾ?"

ಅವಳ ಮುಖದಲ್ಲೂ ನಾಚಿಕೆ ಏರಿತು. ಆಮೇಲೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ನಮ್ಮ ಕೈಯೇ ನಮ್ಮನ್ನು ಆಚೆಗೆ ತಳ್ಳಿತಾ ಎಂದು ಮೆಲ್ಲಗೆ ಕೇಳಿದಳು. ಕೇಳುವವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿರಲಿಲ್ಲ. ಇಲ್ಲ, ನಿಮ್ಮ ಕೈ ಪ್ರೀತಿಯಿಂದ ಹಚ್ಚಿತು, ಹೆರೆಯಬೇಕಾಗಿದ್ದ ಕೈ ನನ್ನದು ಎಂದಳು. ಇನ್ನು ಎಣ್ಣೆ ಹಚ್ಚುವುದನ್ನು ಬಿಟ್ಟುಬಿಡಬೇಕೋ ಎಂದು ಎಣ್ಣೆಯವಳು ಕೇಳಿದಾಗ, ಬಿಡಬೇಡಿ ಎಂದಳು. ಎಷ್ಟು ಹಳೆಯದು ಎಂದು ತೋರಿಸಲು ಅವರು ಅದಕ್ಕೆ ಎಣ್ಣೆ ಹಚ್ಚಿರಲಿಲ್ಲ.

ಮುಂದಿನ ದಿನಗಳಲ್ಲಿ ಆಚೆ ದಡದಿಂದ ಜನ ಒಬ್ಬೊಬ್ಬರಾಗಿ ಊರಿಗೆ ಹೊರಟರು. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂದು ಮೊದಲೇ ಹೇಳಲು ಯಾರಿಂದಲೂ ಆಗಲಿಲ್ಲ. ಹೋಗೇ ಹೋಗುತ್ತೇನೆ ಎಂದವರು ಉಳಿದರು, ಕಾಲಿಡುವುದಿಲ್ಲ ಎಂದವರು ಬೆಳಗಾಗುವಷ್ಟರಲ್ಲಿ ಗಂಟು ಕಟ್ಟಿದ್ದರು. ಬೇಸಿಗೆ ಮುಗಿಯುವಾಗ ನೋಡಿದರೆ ಅರ್ಧ ಜನ ಹೋಗಿದ್ದರು. ಎಣ್ಣೆಯವಳು ಉಳಿದಳು. ನೆಟ್ಟ ಕಂಬವನ್ನು ಮತ್ತೆ ಕೀಳುವುದಿಲ್ಲ ಎಂದಳು.

ಕೇಳುವವಳೂ ಹಿಂದಿರುಗಲಿಲ್ಲ. ದಿನಾ ಬೆಳಗ್ಗೆ ಕಂಬದಿಂದ ನಾಲ್ಕು ಮಾರು ದೂರದಲ್ಲಿ, ಬಿಸಿಲಲ್ಲಿ, ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಯಾರೂ ಅವಳನ್ನು ಹೋಗು ಎನ್ನಲಿಲ್ಲ, ಬಾ ಎಂದೂ ಎನ್ನಲಿಲ್ಲ. ಹೀಗೆ ಎಷ್ಟೋ ದಿನ ನಡೆಯಿತು. ಒಂದು ದಿನ ಎಣ್ಣೆಯವಳು ತಲೆ ಎತ್ತದೆ, ನಿನ್ನ ಈ ನಾಚಿಕೆ ಇನ್ನೂ ಎಷ್ಟು ದಿನ ಇರುತ್ತದೆ ಎಂದು ಕೇಳಿದಳು. ಅವಳು ಕೇಳುವವಳನ್ನು ನೀನು ಎಂದದ್ದು ಅದೇ ಮೊದಲು.

ಕೇಳುವವಳು ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ಉತ್ತರ ಕೊಟ್ಟಳು.

"ಈಗ ತಾನೇ ಕಡಿದದ್ದು ದೊಡ್ಡವ್ವ. ಅರ್ಧ ಹೋಗಕ್ಕೇ ಮೂವತ್ತು ತಲೆಮಾರು ಬೇಕು."

ಎಣ್ಣೆಯವಳು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಇಬ್ಬರ ನಡುವಿನ ಮರಳಿಗೆ ಸರಿಸಿ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದಳು.

"ಅಷ್ಟು ಹೊತ್ತು ನಿಂತೇ ಇರ್ತೀಯಾ? ಕೂತ್ಕೋ."

ಅವಳು ಕೂತಳು. ಬೆರಳನ್ನು ಎಣ್ಣೆಯಲ್ಲಿ ಅದ್ದಿ ಕಂಬಕ್ಕೆ ಹಚ್ಚಿದಳು. ಹರಳೆಣ್ಣೆಯ ವಾಸನೆ ಬಂತು. ಅಂದು ಅವಳು ಕೈ ತೊಳೆಯಲಿಲ್ಲ.